ನಲ್ಲೂರಿನಲ್ಲಿ ಹನ್ನೊಂದು ಸರದಿ

ನಮ್ಮ ಮನೆಯ ಮಹಡಿ ಮೇಲೆ ಒಂದು ರೈಲುಮಾರ್ಗ ಇದೆ. ಅದರ ಗೂಡ್ಸ್ ಗಾಡಿಗಳಿಗೆ ಪ್ರತಿ ಭಾನುವಾರ ಮಧ್ಯಾಹ್ನ ಅಪ್ಪಣೆ ಕೊಡುತ್ತಿದ್ದ ನನ್ನ ಮಾವ, ಅಂದರೆ ಹೆಂಡತಿಯ ತಂದೆ, ತೀರಿಕೊಂಡು ಎಂಟು ತಿಂಗಳಾಯಿತು. ಅಪ್ಪಣೆ ಮಾತ್ರ ನಿಂತಿಲ್ಲ.

ದೆವ್ವದ ಕತೆ ಹೇಳಲು ಕೂತಿಲ್ಲ. ದೆವ್ವಕ್ಕೆ ಹೆದರುವಷ್ಟು ಬಿಡುವು ನನಗಿಲ್ಲ. ಗ್ಯಾಸ್ ಆಫ್ ಮಾಡಿದೆನಾ, ಗೀಸರ್ ಆಫ್ ಮಾಡಿದೆನಾ, ಬೀಗ ಹಾಕಿದ ಮೇಲೆ ಬೀಗ ಎಳೆದು ನೋಡಿದೆನಾ, ಎಳೆದದ್ದರಿಂದಲೇ ಬೀಗ ಸಡಿಲವಾಯಿತಾ, ಇಷ್ಟರಲ್ಲೇ ನನ್ನ ದಿನ ಕಳೆಯುತ್ತದೆ. ಕೆಲಸವೂ ಹಾಗೇ ಸಿಕ್ಕಿದೆ. ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿದ ಶರಟುಗಳ ತಪ್ಪು ಹುಡುಕುವುದು. ಇಪ್ಪತ್ತೆರಡು ವರ್ಷದಿಂದ ಬೇರೆಯವರ ತಪ್ಪಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಿದ್ದೇನೆ.

ಮಾವ ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತರಾಗಿದ್ದವರು. ಅತ್ತೆ ಹೋದ ಮೇಲೆ ನಮ್ಮ ಜೊತೆ ಇರಲು ಬಂದರು. ಮೊದಲ ಆರು ತಿಂಗಳು ನಮ್ಮಿಬ್ಬರ ನಡುವೆ ಆದ ಮಾತೆಂದರೆ "ಊಟ ಆಯ್ತಾ?" "ಆಯ್ತು, ನಿಮ್ದು?" ಇಷ್ಟೇ. ಒಂದು ದಿನ ನಾನು ಎಂದೋ ಆಸೆಪಟ್ಟು ತಂದು ಅಟ್ಟದ ಮೇಲೆ ಹಾಕಿದ್ದ ಪುಟ್ಟ ಎಂಜಿನ್ನು, ಆರು ವ್ಯಾಗನ್ನು, ಒಂದು ಸುತ್ತು ಹಳಿ ಅವರ ಕಣ್ಣಿಗೆ ಬಿದ್ದವು. ನಾನು ನೆಲದ ಮೇಲೆ ಜೋಡಿಸಿ ಓಡಿಸಿ ತೋರಿಸಿದೆ. ಎಂಜಿನ್ನು ಆರು ವ್ಯಾಗನ್ ಎಳೆದುಕೊಂಡು ಸುತ್ತಿತು, ಮತ್ತೆ ಸುತ್ತಿತು.

"ಎಲ್ಲಿಗೆ ಹೋಗ್ತಿದೆ?" ಅಂದರು.

"ಎಲ್ಲಿಗೂ ಇಲ್ಲ ಮಾವ, ಸುಮ್ನೆ ಸುತ್ತುತ್ತೆ."

"ಸುಮ್ನೆ ಸುತ್ತೋಕೆ ಅದೇನು ಗಾಣದ ಎತ್ತಾ? ಒಳಗೇನಿದೆ? ಯಾರಿಗೆ? ಚೀಟಿ ಎಲ್ಲಿ?"

ಆ ಮಾತಿನಿಂದ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಕೋಣೆಯ ಮೂರು ಗೋಡೆಗುಂಟ ಪ್ಲೈವುಡ್ ಹಾಸಿದೆವು. ಸ್ಟೇಷನ್ನುಗಳಿಗೆ ಹೆಸರಿಟ್ಟವರು ಮಾವ: ತ್ಯಾಮಗೊಂಡ್ಲು, ನಲ್ಲೂರು, ಬೂದಿಗೆರೆ. ಮೂರೂ ನಿಜವಾದ ಹಳಿ ಮುಟ್ಟದ ಊರುಗಳು. "ಪಾಪ, ಅವಕ್ಕೂ ಒಂದು ಗೂಡ್ಸ್ ಶೆಡ್ ಇರ್ಲಿ," ಅಂದರು. ಹಳಿಯ ಜಲ್ಲಿಗೆ ಗಸಗಸೆ ಅಂಟಿಸಿದ್ದು ನನ್ನ ಬುದ್ಧಿವಂತಿಕೆ. ಒಂದೇ ವಾರದಲ್ಲಿ ಇಡೀ ಮಾರ್ಗ ಇರುವೆಗಳ ಪಾಲಾಗಿ, ಮಾವ ಗಂಭೀರವಾಗಿ "ಲೈನ್ ಬ್ಲಾಕ್" ಎಂದು ಬರೆದು ಬಾಗಿಲಿಗೆ ಅಂಟಿಸಿದರು.

ನಡೆಸುವ ಕ್ರಮ ಹೀಗೆ. ಒಂದೊಂದು ವ್ಯಾಗನ್ನಿಗೂ ಒಂದು ಕಾರ್ಡು, ಕಾರ್ಡಿಗೊಂದು ಕಿಸೆ, ಕಿಸೆಯೊಳಗೆ ಮಡಚಿದ ಒಂದು ಚೀಟಿ. ಚೀಟಿಗೆ ನಾಲ್ಕು ಮಗ್ಗುಲು. ಒಂದರಲ್ಲಿ "ಹುಣಸೆ, ನಲ್ಲೂರಿಂದ ತ್ಯಾಮಗೊಂಡ್ಲಿಗೆ" ಎಂದಿದ್ದರೆ ಇನ್ನೊಂದರಲ್ಲಿ "ಖಾಲಿ, ಬೂದಿಗೆರೆಗೆ", ಮತ್ತೊಂದರಲ್ಲಿ "ಗೊಬ್ಬರ". ವ್ಯಾಗನ್ನು ಹೇಳಿದ ಕಡೆ ತಲುಪಿದ ಮೇಲೆ ಚೀಟಿಯನ್ನು ಒಂದು ಮಗ್ಗುಲು ತಿರುಗಿಸಿಡಬೇಕು. ಮುಂದಿನ ಭಾನುವಾರ ಅದೇ ಅದರ ಅಪ್ಪಣೆ. ನಾಲ್ಕೂ ಮುಗಿದರೆ ಮತ್ತೆ ಮೊದಲನೆಯದು. ಒಂದು ಭಾನುವಾರಕ್ಕೆ ಮಾವ "ಒಂದು ಸರದಿ" ಅನ್ನುತ್ತಿದ್ದರು. ಒಂದು ಸರದಿ ಎಂದರೆ ರೈಲ್ವೆಯ ಒಂದು ದಿನ.

ಹಳಿಯ ಕೋಣೆಯಲ್ಲಿ ನಾನು. ಡ್ರೈವರ್, ಗಾರ್ಡು, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಎಲ್ಲ ನಾನೇ. ಮಾವ ಪಕ್ಕದ ಚಿಕ್ಕ ಕೋಣೆಯಲ್ಲಿ, ಕಂಟ್ರೋಲಿನಲ್ಲಿ. ನಡುವೆ ವೈರು ಎಳೆದ ಎರಡು ಹಳೇ ಟೆಲಿಫೋನು. "ಬಾಗಿಲು ತೆಗೆದಿಡ್ಲಾ ಮಾವ, ಗಾಡಿ ಕಾಣುತ್ತೆ," ಅಂದರೆ, "ಕಂಟ್ರೋಲಲ್ಲಿ ಕೂತೋನಿಗೆ ಗಾಡಿ ಕಾಣಬಾರದು. ಕಾಗದ ಕಾಣಬೇಕು. ಕಾಗದದಲ್ಲಿ ಇದ್ದಿದ್ದೇ ಗಾಡಿ," ಅನ್ನುತ್ತಿದ್ದರು.

ಒಮ್ಮೆ ಬೂದಿಗೆರೆಗೆ ಹೋಗಬೇಕಾದ ಸಿಮೆಂಟನ್ನು ನಲ್ಲೂರಿನಲ್ಲಿ ಬಿಟ್ಟುಬಂದು, ಕಂಟ್ರೋಲಿಗೆ ಹಾಗೇ ವರದಿಯನ್ನೂ ಕೊಟ್ಟೆ. ಫೋನು ಹೊಡೆಯಿತು.

"ಅಳಿಯಂದಿರೇ, ಸಿಮೆಂಟು ನಲ್ಲೂರಿಗೆ ಹೋಯ್ತಲ್ಲ?"

"ಕೈಯಲ್ಲಿ ಎತ್ತಿ ಬೂದಿಗೆರೇಲಿ ಇಟ್ಬಿಡ್ತೀನಿ ಮಾವ."

"ಇಪ್ಪತ್ತು ಟನ್ನು ಎತ್ತಿಡ್ತೀರಾ? ಸೊಂಟ ಹೆಂಗಿದೆ ನಿಮ್ದು?"

ಆಮೇಲೆ ಬಿಳಿ ಹಾಳೆಯಲ್ಲಿ ವಿವರಣೆ ಬರೆಸಿಕೊಂಡರು. ನಿಜವಾಗಿಯೂ. "ನನ್ನ ಅಜಾಗರೂಕತೆಯಿಂದ" ಎಂದು ಶುರುಮಾಡಿಸಿ ಸಹಿ ಹಾಕಿಸಿಕೊಂಡರು. ಹೆಂಡತಿ ಕಾಫಿ ತಂದವಳು ಬಾಗಿಲಲ್ಲೇ ನಿಂತು ನಕ್ಕಳು. ಮಾವ ನಗಲಿಲ್ಲ. "ಚೀಟಿ ತಪ್ಪಿದ್ರೆ ಗಾಡಿ ಮಾತ್ರ ತಪ್ಪಲ್ಲಮ್ಮ," ಅಂದರು. ನಾನು ಅದನ್ನು ಹಳೇ ನೌಕರರ ಗತ್ತು ಅಂದುಕೊಂಡೆ.

ನಲ್ಲೂರಿನ ಹಿಂದಿನ ಹಳಿಯಲ್ಲಿ ಒಂದು ವ್ಯಾಗನ್ನು ಸದಾ ನಿಂತಿರುತ್ತಿತ್ತು. ಮುಚ್ಚಿದ್ದು, ಕಂದು ಬಣ್ಣದ್ದು, ನನ್ನ ತೋರುಬೆರಳಿನಷ್ಟು ಉದ್ದ. ಸದಾ ಎಂದರೆ ತಪ್ಪು. ಯಾವಾಗಲೋ ಒಮ್ಮೆ ಬೂದಿಗೆರೆಗೆ ಹೋಗುತ್ತಿತ್ತು, ಅಲ್ಲಿಂದ ತ್ಯಾಮಗೊಂಡ್ಲಿಗೆ, ಮತ್ತೆ ನಲ್ಲೂರಿಗೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಅದರ ಕಾರ್ಡು ನನ್ನ ಕೈಗೆ ಬರುತ್ತಿರಲಿಲ್ಲ. ಎಲ್ಲಿಗೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಕೇಳಿದರೆ, "ಇರ್ಲಿ ಬಿಡಪ್ಪ, ಅದೊಂದು ನಾನು ನೋಡ್ಕೋತೀನಿ."

ಅವರು ಹೋದದ್ದು ಒಂದು ಗುರುವಾರ. ತಿಥಿ ಎಲ್ಲ ಮುಗಿದ ಮೇಲಿನ ಮೊದಲ ಭಾನುವಾರ ನಾನು ಧೂಳು ಹೊಡೆಯೋಣವೆಂದು ಮೇಲೆ ಹೋದೆ. ಚೀಟಿಗಳು ಹೋದ ಸರದಿಯ ಕೊನೆಗೆ ತಿರುಗಿಸಿಟ್ಟ ಹಾಗೇ ಇದ್ದವು. ಅವರ ಗುಂಡಗಿನ ಅಕ್ಷರ, ನೀಲಿ ಶಾಯಿ. ಹುಣಸೆ ಇಲ್ಲಿಗೆ, ಗೊಬ್ಬರ ಅಲ್ಲಿಗೆ. ಓದಿದ ಮೇಲೆ ಕಳಿಸದೆ ಇರುವುದು ಹೇಗೆ? ಕಳಿಸಿದೆ. ತಲುಪಿದ್ದನ್ನು ತಿರುಗಿಸಿದೆ. ಮುಂದಿನ ಭಾನುವಾರ ಮತ್ತೆ ಅವರದೇ ಅಪ್ಪಣೆ. ಇದು ಮುಗಿಯುವುದಿಲ್ಲ ಎಂದು ನನಗೆ ನಾಲ್ಕೈದು ವಾರದ ಮೇಲೆ ಹೊಳೆಯಿತು. ಅವರು ಹಾಗೆ ಮಾಡಿಟ್ಟಿದ್ದರು. ಸತ್ತವರು ಬಿಟ್ಟುಹೋದ ಮಾತು ಒಂದು ಸಲ ಹೇಳಿ ಮುಗಿಯುತ್ತದೆ, ಇವರದು ಸುತ್ತು ಹೊಡೆದು ಬರುತ್ತಿತ್ತು. ನಾನು ಫೋನೆತ್ತಿ "ಲೈನ್ ಕ್ಲಿಯರ್ ಇದ್ಯಾ?" ಅಂತಲೂ ಕೇಳುತ್ತಿದ್ದೆ. ಅವರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದೆ. ಐವತ್ತರ ಹತ್ತಿರದ ಗಂಡಸು, ಸತ್ತ ಫೋನನ್ನು ಕಿವಿಗಿಟ್ಟುಕೊಂಡು, ಬಾಗಿಲು ಹಾಕಿದೆಯಾ ಎಂದು ಎರಡು ಸಲ ನೋಡಿ.

ಕಂದು ವ್ಯಾಗನ್ನಿಗೆ ಮಾತ್ರ ಅಪ್ಪಣೆ ಇರಲಿಲ್ಲ. ಹುಡುಕಿದೆ. ಕಂಟ್ರೋಲ್ ಮೇಜಿನ ಡ್ರಾಯರಿನಲ್ಲಿ, ಅವರ ಹಳೇ ಕನ್ನಡಕದ ಡಬ್ಬಿಯ ಕೆಳಗೆ, ಕಾರ್ಡು ಸಿಕ್ಕಿತು. ಚೀಟಿ ತೆಗೆದು ಬೆಳಕಿಗೆ ಹಿಡಿದೆ.

ಮೊದಲ ಮಗ್ಗುಲು: ಮನೆ ಸಾಮಾನು, ಒಂದು ಸಂಸಾರದ್ದು. ತ್ಯಾಮಗೊಂಡ್ಲಿಂದ ನಲ್ಲೂರಿಗೆ.

ಎರಡನೆಯದು: ನಲ್ಲೂರಿನಲ್ಲಿ ತಡೆ, ಹನ್ನೊಂದು ಸರದಿ. ಕಾರಣ: ಬೂದಿಗೆರೆ ಎನ್ನುವುದಕ್ಕೆ ನಲ್ಲೂರು ಎಂದು ಬರೆದದ್ದು. ಗುಮಾಸ್ತನ ಕೈತಪ್ಪು.

ಮೂರನೆಯದು: ಬೂದಿಗೆರೆಗೆ. ನಾಲ್ಕನೆಯದು: ಖಾಲಿ, ತ್ಯಾಮಗೊಂಡ್ಲಿಗೆ ವಾಪಸ್ಸು.

ಈ ಕತೆ ನನಗೆ ಗೊತ್ತಿತ್ತು. ಹೆಂಡತಿಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬೇರೆ ಥರ. ಅವಳಿಗೆ ಏಳು ವರ್ಷವಿದ್ದಾಗ ಮಾವನಿಗೆ ವರ್ಗವಾಯಿತು. ಮನೆಯ ಸಾಮಾನೆಲ್ಲ ಒಂದು ವ್ಯಾಗನ್ನಿನಲ್ಲಿ ತುಂಬಿ ಕಳಿಸಿದರು. ಅದು ಎಲ್ಲೋ ಹೋಗಿ ಹನ್ನೊಂದು ದಿನ ಬರಲೇ ಇಲ್ಲ. ಚಳಿಗಾಲ. ಖಾಲಿ ಕ್ವಾರ್ಟರ್ಸಿನಲ್ಲಿ ಎಲ್ಲರೂ ನೆಲದ ಮೇಲೆ ಮಲಗಿದರು. ಅಕ್ಕಪಕ್ಕದವರು ಮುದ್ದೆ, ಸಾರು ತಂದುಕೊಟ್ಟರು. ಅವಳಿಗೆ ಅದು ಹಬ್ಬದ ಹಾಗಿತ್ತಂತೆ. ಅವಳ ಅಜ್ಜಿ, ಮಾವನ ತಾಯಿ, ಪೇಪರಿನ ಮೇಲೆ ಯಾರೋ ಕೊಟ್ಟ ಜಮಖಾನ ಹಾಸಿಕೊಂಡು ಮಲಗಿ ಕೆಮ್ಮು ಹಿಡಿಸಿಕೊಂಡರು. ಕೊನೆಗೆ ಸಾಮಾನಿನ ಜೊತೆ ಹಾಸಿಗೆ ಬಂತು. ಅಜ್ಜಿ ಮೂರನೇ ವಾರ ಹೋದರು. ಅದರಿಂದಲೇ ಹೋದರು ಎಂದು ಯಾರೂ ಹೇಳಲಿಲ್ಲ, ಅದರಿಂದಲ್ಲ ಎಂದೂ ಯಾರೂ ಹೇಳಲಿಲ್ಲ. ಹೇಳಿದ್ದು ಇಷ್ಟು: ವ್ಯಾಗನ್ನಿಗೆ ಚೀಟಿ ಅಂಟಿಸುವ ಹಮಾಲ ಬೇರೆ ಚೀಟಿ ಅಂಟಿಸಿಬಿಟ್ಟ.

ಹೊರಡುವ ಸ್ಟೇಷನ್ನಿನಲ್ಲಿ ಚೀಟಿ ಬರೆಯುವ ಗುಮಾಸ್ತರು ಒಬ್ಬರೇ. ನನ್ನ ಮಾವ.

ಕಾರ್ಡನ್ನು ನನ್ನ ಶರಟಿನ ಜೇಬಿಗೆ ಹಾಕಿಕೊಂಡೆ. ಹೆಂಡತಿಗೆ ಹೇಳಬೇಕೋ ಬೇಡವೋ ಎನ್ನುವುದನ್ನು ನಾನು ಎಷ್ಟು ತಿಂಗಳು ಯೋಚಿಸಿದೆ ಎಂದರೆ ಫ್ಯಾಕ್ಟರಿಯಲ್ಲಿ ಒಂದು ಸರಿಯಾದ ಶರಟಿಗೆ ಕೆಂಪು ಸ್ಟಿಕ್ಕರ್ ಅಂಟಿಸಿದೆ. ಅವಳಿಗೆ ಅಪ್ಪ ಎಂದರೆ ತಪ್ಪು ಮಾಡದ ಮನುಷ್ಯ. ನಾನು ಮಾಡುವ ಪ್ರತಿಯೊಂದು ತಪ್ಪಿನ ಪಕ್ಕದಲ್ಲೂ ಅವಳು ಅಪ್ಪನನ್ನು ನಿಲ್ಲಿಸಿ ನೋಡುತ್ತಿದ್ದಳು. ನನಗೂ ಅದು ರೂಢಿಯಾಗಿತ್ತು.

ಒಂದು ಭಾನುವಾರ ಅವಳೇ ಮೇಲೆ ಬಂದಳು. "ಒಬ್ರೇ ಎರಡು ಕಡೆ ಓಡಾಡ್ತೀರ. ಕಂಟ್ರೋಲಲ್ಲಿ ನಾನು ಕೂತ್ಕೋತೀನಿ, ಹೇಳ್ಕೊಡಿ."

ಬೇಡ ಅನ್ನಲು ಒಂದು ಕಾರಣ ಹುಡುಕಿದೆ, ಸಿಗಲಿಲ್ಲ. ಹೇಳಿಕೊಟ್ಟೆ. ಅವಳು ಅಪ್ಪನ ಕುರ್ಚಿಯಲ್ಲಿ ಕೂತು ಮೊದಲು ಮಾಡಿದ ಕೆಲಸ, ಹಳಿಯ ಕೋಣೆಗೆ ಬಂದು ವ್ಯಾಗನ್ನುಗಳನ್ನು ಎಣಿಸಿ, ಹಿಂದಕ್ಕೆ ಹೋಗಿ ಕಾರ್ಡುಗಳನ್ನು ಎಣಿಸಿದ್ದು. ಹತ್ತು ನಿಮಿಷ ಆಗಿಲ್ಲ, ಫೋನು.

"ರೀ, ವ್ಯಾಗನ್ ಇಪ್ಪತ್ಮೂರು. ಕಾರ್ಡು ಇಪ್ಪತ್ತೆರಡು."

"ಇನ್ನೊಂದ್ಸಲ ಎಣ್ಸು."

"ಎರಡ್ಸಲ ಎಣ್ಸಿದೀನಿ. ಆ ಕಂದು ಬಣ್ಣದ್ದಕ್ಕೆ ಇಲ್ಲ."

"ಕಳೆದುಹೋಗಿರ್ಬೇಕು."

"ಅಪ್ಪ ಕಾರ್ಡು ಕಳೀತಾರಾ?" ಕುರ್ಚಿ ತಿರುಗಿದ ಸದ್ದು ಬಂತು. "ನೀವು ಯಾಕೆ ಜೇಬು ಹಿಡ್ಕೊಂಡಿದೀರ ಆವಾಗಿಂದ?"

ಬಾಗಿಲು ತೆರೆದೇ ಇತ್ತು. ಮಾವನ ಆ ನಿಯಮವನ್ನು ಅವಳಿಗೆ ಹೇಳಿಕೊಡಲು ಮರೆತಿದ್ದೆ.

ಕೊಟ್ಟೆ. ಅವಳು ಚೀಟಿಯ ನಾಲ್ಕೂ ಮಗ್ಗುಲು ಓದಿದಳು, ನಿಧಾನವಾಗಿ. ಎರಡನೆಯದಕ್ಕೆ ಮತ್ತೆ ಹೋದಳು. ನಾನು ಸಮಾಧಾನದ ಮಾತುಗಳನ್ನು ತಯಾರಿ ಮಾಡಿಟ್ಟುಕೊಂಡಿದ್ದೆ: ಯಾರಿಗೂ ಆಗುತ್ತೆ, ವರ್ಗದ ಗಡಿಬಿಡಿ, ಅಜ್ಜಿಗೆ ವಯಸ್ಸಾಗಿತ್ತು. ಅವಳು ಅಜ್ಜಿಯ ಮಾತೇ ಎತ್ತಲಿಲ್ಲ.

"ಆ ಹಮಾಲ ನಮ್ಮನೆಗೆ ಬಂದಿದ್ದ," ಅಂದಳು.

"ಯಾವಾಗ?"

"ಅಜ್ಜಿ ಹೋದ ಮೇಲೆ. ಅಷ್ಟು ದೂರದಿಂದ. ಸೀಬೆಹಣ್ಣು ತಂದಿದ್ದ, ಒಂದು ಚೀಲ. ಅಮ್ಮ ಬಾಗಿಲು ತೆಗೀಲಿಲ್ಲ. ಕಿಟಕೀಲೇ ಬೈದ್ಲು, ನಮ್ಮತ್ತೇನ ತಿಂದ್ಕೊಂಡೆ ಅಂತ. ಅವನು ತಪ್ಪಾಯ್ತು ತಾಯಿ, ತಪ್ಪಾಯ್ತು ತಾಯಿ ಅಂತಿದ್ದ. ನಾನು ಕಿಟಕಿ ಕಂಬಿ ಹಿಡ್ಕೊಂಡು ಹಣ್ಣು ನೋಡ್ತಿದ್ದೆ."

"ಮಾವ ಇರ್ಲಿಲ್ವಾ?"

"ಇದ್ರು." ಚೀಟಿಯನ್ನು ಮೇಜಿನ ಮೇಲಿಟ್ಟಳು. "ಒಳಗೆ ಪೇಪರ್ ಓದ್ತಾ ಇದ್ರು."

ಆ ಹಮಾಲ ಓದು ಬಾರದವನಂತೆ. ಕೊಟ್ಟ ಚೀಟಿಯನ್ನು ತೋರಿಸಿದ ವ್ಯಾಗನ್ನಿಗೆ ಅಂಟಿಸಿದವನು. ಚೀಟಿಯಲ್ಲಿ ಏನಿದೆ ಎಂದು ತಿಳಿಯದವನಿಗೆ ತಾನು ತಪ್ಪು ಮಾಡಿಲ್ಲ ಎಂದು ಗೊತ್ತಾಗುವುದಾದರೂ ಹೇಗೆ? ನಾನು ಈವರೆಗೆ ಮಾವನ ಹೊರೆಯನ್ನೇ ನೋಡಿಕೊಂಡು ಕೂತಿದ್ದೆ. ಮಾವ ಒಂಬತ್ತು ವರ್ಷ ಆ ವ್ಯಾಗನ್ನನ್ನು ತಪ್ಪು ಊರಿಗೆ ಕಳಿಸಿ, ಹನ್ನೊಂದು ಸರದಿ ನಿಲ್ಲಿಸಿ, ಸರಿಯಾದ ಊರಿಗೆ ಮುಟ್ಟಿಸಿ, ಮತ್ತೆ ತಪ್ಪು ಊರಿಗೆ ಕಳಿಸುತ್ತಿದ್ದರು. ನಿಜವನ್ನು ಬರೆದೂ ಇಟ್ಟರು, ಬೆರಳಗಲದ ಕಾಗದದಲ್ಲಿ, ಆ ಹಮಾಲ ಎಂದೂ ಹತ್ತದ ಮಹಡಿಯ ಮೇಲೆ.

"ಈ ಚೀಟಿ ತೆಗೆದುಬಿಡೋಣ," ಅಂದೆ. "ಬೇರೆ ಬರೀತೀನಿ. ರಾಗಿ ಅಂತ ಹಾಕ್ತೀನಿ."

"ಬೇಡ. ಈಗೆಲ್ಲಿದೆ ಅದು?"

"ನಲ್ಲೂರಲ್ಲಿ. ಅವರು ಹೋದಾಗ ಯಾವ ಸರದಿ ಅಂತ ಗೊತ್ತಿಲ್ಲ."

"ಹಂಗಾದ್ರೆ ಒಂದರಿಂದ ಎಣಿಸಿ," ಅಂದಳು.

ಎಣಿಸುತ್ತಿದ್ದೇವೆ. ಈಗ ಅವಳು ಕಂಟ್ರೋಲು, ಬಾಗಿಲು ಹಾಕಿಕೊಂಡೇ ಕೂರುತ್ತಾಳೆ. ವಾರದ ಮಧ್ಯೆ, ಹಳೇ ರೈಲ್ವೆ ಕಾಲೋನಿಯಲ್ಲಿದ್ದು ಈಗ ಎಲ್ಲೆಲ್ಲೋ ಚದುರಿಹೋದವರ ನಂಬರು ಹುಡುಕಿ ಹುಡುಕಿ ಫೋನು ಮಾಡುತ್ತಾಳೆ. ಅವಳಿಗೆ ಬೇಕಾದದ್ದು ಹಮಾಲನ ಹೆಸರು. ಅವನು ಇರುವ ಸಾಧ್ಯತೆ ಇಲ್ಲ, ಅವನ ಮಕ್ಕಳಿರಬಹುದು. ಅವಳಿಗೆ ಹೆಸರು ನೆನಪಿಲ್ಲ. ಮನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ.

ಏಳನೇ ಸರದಿಯ ವಾರ, ಅವಳಿಗೆ ಆಗ ಮುದ್ದೆ ತಂದುಕೊಟ್ಟಿದ್ದ ಪಕ್ಕದ ಮನೆಯ ಹೆಂಗಸು ಸಿಕ್ಕರು. ತುಂಬಾ ವಯಸ್ಸಾಗಿದೆ, ಕಿವಿ ಮಂದ. ಸ್ಪೀಕರಿನಲ್ಲಿ ಹಾಕಿ ಜೋರಾಗಿ ಕೇಳಬೇಕಾಯಿತು. ನಾನು ಅಡುಗೆಮನೆಯಲ್ಲಿ ಗ್ಯಾಸ್ ನೋಡುವ ನೆಪದಲ್ಲಿ ನಿಂತಿದ್ದೆ.

"ಆ ಹಮಾಲನಾ? ಗೊತ್ತಿಲ್ದೆ ಏನವ್ವ! ಅವನೇ ಅಲ್ವಾ ನಿಮ್ಮ ಸಾಮಾನು ತಪ್ಪಿಸಿ ನಿಮ್ಮಜ್ಜೀನ ಕೊಂದೋನು?"

"ಅಲ್ಲ ಅಜ್ಜಿ," ಅಂದಳು. "ಚೀಟಿ ತಪ್ಪು ಬರೆದಿದ್ದು ನಮ್ಮಪ್ಪ."

"ಆಂ? ಏನಂದೆ?"

"ನಮ್ಮಪ್ಪ. ನಮ್ಮಪ್ಪ ತಪ್ಪು ಬರೆದಿದ್ದು."

ಮೂರನೇ ಸಲ ಕೂಗಿ ಹೇಳಿದಳು, ಬೀದಿಗೆ ಕೇಳುವ ಹಾಗೆ. ಅದೇ ದನಿಯಲ್ಲಿ ಹಮಾಲನ ಹೆಸರೇನು ಎಂದು ಕೇಳಿದಳು. ಆ ಹೆಂಗಸು, ಅವನ ಹೆಸರು ತಮಗೂ ನೆನಪಿಲ್ಲ ಅಂದರು.