ಅಕ್ಕ ಬಿತ್ತಿದ ಗೋಧಿ

ಸಿಂಚನಾ, ಹರ್ಷಾ, ಮೊನ್ನೆ ನೀವು ಮರಳೂರಿನ ಗಿರಣಿಯಿಂದ ತಂದುಕೊಟ್ಟ ಗೋಧಿ ಹಿಟ್ಟು ಇನ್ನೂ ಬಿಸಿಯಾಗಿತ್ತು. ಡಬ್ಬಿಗೆ ಸುರಿಯುವಾಗ ಆ ವಾಸನೆಗೆ ನನ್ನ ಕೈ ನಿಂತುಹೋಯಿತು. ಏನಾಯಿತಜ್ಜಿ ಅಂತ ಕೇಳಿದಿರಿ. ಬಾಯಲ್ಲಿ ಹೇಳೋಕೆ ನನಗೆ ಬರುವುದಿಲ್ಲ, ಬರೆದಿಡುತ್ತಿದ್ದೇನೆ.

ನಾನು ಮದುವೆಯಾಗಿ ಚೇಳೂರಿಗೆ ಬಂದಾಗ ಪಕ್ಕದ ಮನೆಯಲ್ಲಿ ಬಿಜಾಪುರ ಕಡೆಯ ಮೇಷ್ಟ್ರೊಬ್ಬರು ಬಾಡಿಗೆಗಿದ್ದರು. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ನಮ್ಮದು ರಾಗಿ, ತೆಂಗಿನ ಸೀಮೆ. ಹುಡುಗಿಯ ಮೈಬಣ್ಣಕ್ಕೆ ಗೋಧಿ ಬಣ್ಣ ಎನ್ನುತ್ತಿದ್ದೆವು, ಹಾವಿಗೆ ಗೋಧಿ ನಾಗರ ಎನ್ನುತ್ತಿದ್ದೆವು. ಗೋಧಿಯ ಪೈರನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಹೊಲಾನ ನೋಡಲಾರದ ಬಣ್ಣ ಹೆಂಗ ಹೇಳ್ತೀರಿ ತಂಗಿ?" ಎಂದು ಅಕ್ಕ ನಗುತ್ತಿದ್ದರು. ಗಾಳಿ ಬಂದರೆ ಅವರ ತವರಿನ ಹೊಲವೆಲ್ಲ ಮಲಗಿ ಏಳುತ್ತಿತ್ತಂತೆ... ಹೇಳುವಾಗ ಯಾವುದೋ ಮಗುವಿನ ತಲೆ ಸವರುವ ಹಾಗೆ ಅಂಗೈ ಆಡಿಸುತ್ತಿದ್ದರು.

ಬಹಳ ವರ್ಷದ ಮೇಲೆ ಅಕ್ಕ ಬಸುರಿಯಾದರು. ಅವರ ಕಡೆ ಎಳ್ಳಮಾವಾಸ್ಯೆಗೆ, ಭೂಮಿತಾಯಿಯೂ ಬಸುರಿ ಎಂದು, ಬೆಳೆದ ಹೊಲಕ್ಕೆ ಅಡಿಗೆ ಒಯ್ದು ಸುತ್ತ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಆ ವರ್ಷ ಅದನ್ನು ತಪ್ಪಿಸಬಾರದು ಎಂದು ಅಕ್ಕನ ಆಸೆ. ಅಷ್ಟು ದೂರ ಬಸ್ಸಿನ ಕುಲುಕಾಟ ಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ದಸರಾ ಕಳೆದ ಮೇಲೆ ನಿಮ್ಮ ತಾತನನ್ನು ಕೇಳಿ, ನಮ್ಮ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ತವರಿನ ಗೋಧಿ ಬಿತ್ತಿದರು.

ನನ್ನ ಅತ್ತೆ ಆಗ ಮಗಳ ಬಾಣಂತನಕ್ಕೆ ಕುಣಿಗಲ್‌ಗೆ ಹೋಗಿದ್ದರು. ಅವರು ಬಂದ ವಾರವೇ ನನ್ನಮ್ಮನಿಗೆ ಜ್ವರ ಅಂತ ನಾನು ಕಡಬಕ್ಕೆ ಹೋದೆ. ಹಿತ್ತಿಲಲ್ಲಿರೋದು ಗೋಧಿ ಎಂದು ಅತ್ತೆಗೆ ಹೇಳುವುದು ನನಗೂ ನಿಮ್ಮ ತಾತನಿಗೂ ಮರೆತೇಹೋಗಿತ್ತು. ಅಮಾವಾಸ್ಯೆ ಬೆಳಿಗ್ಗೆ ಬಸ್ಸಿಳಿದು ಬಂದರೆ ಅತ್ತೆ ಕುಡುಗೋಲು ತೊಳೆಯುತ್ತಿದ್ದರು.

"ಮೇಷ್ಟ್ರ ಹೆಂಡ್ತಿ ನಮ್ಮ ಹಿತ್ಲಲ್ಲಿ ಕೂತು ಉಣ್ತೀನಿ ಅಂದವ್ಳೆ ಕಣೇ. ಇಷ್ಟೆತ್ತರ ಹುಲ್ಲು, ಹಾವು ಗೀವು ಇದ್ರೆ ಬಸ್ರಿ ಹೆಂಗ್ಸಿನ ಗತಿ? ಎಲ್ಲಾ ಕುಯ್ದು ಹಸೂಗೆ ಹಾಕ್ದೆ. ನೀವಂತೂ ಸೋಂಬೇರಿಗಳು ಬುಡು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕಡುಬು, ಹೋಳಿಗೆ, ಪಲ್ಯ ಹೊತ್ತು ಬಂದರು. ಕುಯ್ದ ಗೋಧಿಯ ಕೂಳೆ ನೋಡಿ ನಿಂತುಬಿಟ್ಟರು.

"ಆಕಳಾ ತಿಂತೇನು ತಂಗಿ?"

"ತಿಂತಕ್ಕಾ."

"ಅದರ ಹೊಟ್ಟಿ ತುಂಬಿತಲ್ಲ. ಇರ್ಲಿ ಬಿಡು."

ಆ ಕೂಳೆಯ ಸುತ್ತಲೇ ಚರಗ ಚೆಲ್ಲಿದರು. ಮೊದಲ ಎಲೆ ಅತ್ತೆಗೇ ಹಾಕಿದರು. ಏನೂ ಅರಿಯದ ಅತ್ತೆ, ಚೆನ್ನಾಗೈತೆ ಅಂತ ಮತ್ತೆ ಮತ್ತೆ ಹೋಳಿಗೆ ಹಾಕಿಸಿಕೊಂಡರು.

ದಿನ ತುಂಬಿ ಹುಟ್ಟಿದ ಮಗು ಉಳಿಯಲಿಲ್ಲ... ಅಷ್ಟರಲ್ಲಿ ಮೇಷ್ಟ್ರು ಮಾತಿನ ನಡುವೆ ಅತ್ತೆಯ ಮುಂದೆ ಗೋಧಿಯ ವಿಷಯ ಆಡಿಬಿಟ್ಟಿದ್ದರು. ಅತ್ತೆ ಹೋಗಿ ಅಕ್ಕನ ಕಾಲ ಬಳಿ ಕುಳಿತರು. "ನನ್ನ ಕೈಯಿಂದ ಆಯ್ತಲ್ಲ ಮಗಳೇ" ಎಂದರು.

ಅಕ್ಕ ಆ ಕೈಗಳನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ಹುಲ್ಲಿಗೂ ಕೂಸಿಗೂ ಏನ್ ಸಂಬಂಧ ಯವ್ವಾ?"

ಹುಲ್ಲು ಎಂದರು. ಗೋಧಿ ಎನ್ನಲಿಲ್ಲ.

ಬೇಸಿಗೆಯಲ್ಲಿ ಮೇಷ್ಟ್ರಿಗೆ ವರ್ಗವಾಯಿತು, ಹೊರಟುಹೋದರು. ಆಮೇಲೆ ಅತ್ತೆ ತೀರಿಹೋದರು, ನಿಮ್ಮ ತಾತನೂ ಹೋದರು. ಅಕ್ಕ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಹೆಸರೂ ಇಡದ ಆ ಕೂಸನ್ನು ನೆನೆಯುವವಳು ಈ ಕಡೆ ನಾನೊಬ್ಬಳೇ. ನನ್ನ ಅಕ್ಷರ ಸೊಟ್ಟಗಿದೆ, ನಗಬೇಡಿ. ಈ ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.