ನಾಲಿಗೆ ಮಡಚುವ ಹೋಮ್‌ವರ್ಕ್

ಗೆಳೆಯರೇ, ಅನುವಂಶೀಯತೆಯ ಪಾಠಕ್ಕೆಂದು, ಮನೆಯಲ್ಲಿ ಯಾರಿಗೆಲ್ಲ ನಾಲಿಗೆಯನ್ನು ಕೊಳವೆಯಂತೆ ಮಡಚಲು ಬರುತ್ತದೆ ನೋಡಿಕೊಂಡು ಬನ್ನಿ ಎಂದು ನಿನ್ನೆ ಹತ್ತನೇ ತರಗತಿಗೆ ಹೇಳಿದ್ದೆ. ಇಂದು ಒಬ್ಬ ಹುಡುಗಿಯ ತಂದೆ ಸ್ಟಾಫ್‌ರೂಮಿಗೇ ಬಂದರು. ರಾಣೇಬೆನ್ನೂರಿನ ಬೀಜದ ಪ್ಲಾಟಿನಲ್ಲಿ ಒಂದು ಟೊಮೆಟೊ ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ ಕ್ರಾಸಿಂಗ್ ಮಾಡುವವರು. ದನಿ ತಣ್ಣಗಿತ್ತು.

“ಸರ, ನನಗ ಬರಂಗಿಲ್ಲ, ಹೆಂಡತಿಗೂ ಬರಂಗಿಲ್ಲ. ಮಗಳಿಗೆ ಬರತೈತಿ. ನಮ್ಮ ಪ್ಲಾಟಿನ್ಯಾಗ ಹಿಂಗಾದ್ರ ಬ್ಯಾರೆ ಗಿಡದ ಪುಡಿ ಬಿದ್ದೈತಿ ಅಂತೀವ್ರಿ.”

ನಾನು ಎದ್ದು ಅವರಿಗೆ ಕುರ್ಚಿ ಎಳೆದುಕೊಟ್ಟೆ. “ಮನಷ್ಯಾರಾಗ ಹಂಗಲ್ರಿ. ನಾಲಿಗಿ ನೋಡಿ ತಂದಿ ಯಾರಂತ ಹೇಳಾಕ ಬರಂಗಿಲ್ಲ. ಅರ್ಧಾನ ಕಲಿಸೇನಿ, ತಪ್ಪು ನಂದ.”

“ಹಂಗಾರ ಮನಿಗೆ ಬಂದು ಹೇಳ್ರಿ. ನಿನ್ನಿಯಿಂದ ನನ್ನ ಹೆಂಡತಿ ಊಟ ಮಾಡಿಲ್ಲ.”

ಈಗ ಅಲ್ಲಿಗೇ ಹೊರಟಿದ್ದೇನೆ. ನಾಳೆಯಿಂದ ಈ ಪಾಠಕ್ಕೆ ಟೊಮೆಟೊ ಗಿಡವೇ ಸಾಕು. ಅದರ ಅಪ್ಪ ಸ್ಟಾಫ್‌ರೂಮಿಗೆ ಬರುವುದಿಲ್ಲ.