ವಿಯೆಟ್ನಾಮಿನ ಎರಡನೇ ಸಾಂಬಾರು

ನಾನು ವಿಯೆಟ್ನಾಮಿನಲ್ಲಿ ಹೋಟೆಲ್ ನಡೆಸಿ ಬಂದವನು ಅಂತ ಚೆಂಬೂರಿನ ಅರ್ಧ ಜನ ನಂಬಿದ್ದಾರೆ. ಇನ್ನರ್ಧ ಜನಕ್ಕೆ ನಾನಿನ್ನೂ ಹೇಳಿಲ್ಲ, ಅಷ್ಟೆ. ನಾನು ದಾಟಿದ ಸಮುದ್ರ ಅಂದ್ರೆ ವಾಶಿ ಸೇತುವೆ ಕೆಳಗಿನ ನೀರು ಮಾತ್ರ.

ಒಂದಿನ ನಮ್ಮ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೆ. ನಮ್ಮ ಬಿಲ್ಡಿಂಗಿನ ಪ್ರಶಾಂತ ಹೆಂಡತಿ ಶ್ವೇತಾಳನ್ನು ಕರ್ಕೊಂಡು ಬಂದ. ಗೋರೆಗಾಂವಿನಲ್ಲಿರುವ ತನ್ನ ಇನ್ನೊಂದು ಫ್ಲ್ಯಾಟು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲೇ ವಿಯೆಟ್ನಾಮಿನಲ್ಲಿ ನೌಕರಿ ಗೀಕರಿ ಇಲ್ಲದೆ ಬದುಕೋದು ಅವನ ಪ್ಲಾನು.

"ಮಾಮ ಹೂಂ ಅಂದ್ರೆ ಮಾತ್ರ ನಾನು ಬರೋದು," ಅಂದ್ಳು ಶ್ವೇತಾ. ಪ್ರಶಾಂತ ನನಗೆ ಕಣ್ಣು ಹೊಡೆದ.

"ಅಲ್ಲಿ ಖರ್ಚು ಕಮ್ಮಿಯಾ ಮಾಮ?" ಅಂತ ಕೇಳಿದ್ಳು ಶ್ವೇತಾ.

"ಕಮ್ಮಿಯಾ! ನನ್ನ ಬೆನ್ನು ತುರಿಸ್ಲಿಕ್ಕೇ ಒಬ್ಬ ಆಳು ಇಟ್ಟಿದ್ದೆ ಮಾರಾಯ್ತಿ!"

ಅಷ್ಟರಲ್ಲಿ ವೈಟರ್ ಕೇಳದೆಯೇ ಅವಳ ಖಾಲಿ ಬಟ್ಟಲಿಗೆ ಸಾಂಬಾರು ಸುರಿದ.

"ಅಲ್ಲಿ ಹೀಗೆ ಎರಡನೇ ಸಲ ಫುಕ್ಕಟೆ ಹಾಕ್ತಾರಾ?"

ಏನೇ ಆದ್ರೂ ಸಾಂಬಾರಿನ ವಿಷಯದಲ್ಲಿ ಸುಳ್ಳು ಹೇಳ್ಲಿಕ್ಕೆ ನನ್ನ ನಾಲಿಗೆ ಹೊರಳಲಿಲ್ಲ. "ಅದೊಂದು ಇಲ್ಲ ಮಗಾ," ಅಂದೆ. ಪ್ರಶಾಂತನ ಮುಖ ಸಪ್ಪೆಯಾಯ್ತು.

ಶ್ವೇತಾ ನಕ್ಕಳು. "ಇಲ್ಲದ್ದನ್ನು ಇಲ್ಲ ಅಂದ್ರಲ್ಲ, ಹಾಗಾದ್ರೆ ಬಾಕಿ ಎಲ್ಲ ನಿಜ. ನಡೀರಿ, ಹೋಗುವ."

ಈಗ ಅಲ್ಲಿ ಆರಾಮಾಗಿದ್ದಾರೆ. ನೂಡಲ್ಸ್ ಜೊತೆ ಬುಟ್ಟಿ ತುಂಬ ಸೊಪ್ಪು ಕೊಡ್ತಾರಂತೆ, ಮತ್ತೆ ಕೇಳಿದ್ರೂ ಫುಕ್ಕಟೆಯಂತೆ. ಮೊನ್ನೆ ಅವಳ ಮೆಸೇಜು ಬಂತು: "ಮಾಮ, ನಿಮ್ಮ ಹೋಟೆಲ್ ಎಲ್ಲಿತ್ತು? ಹುಡುಕ್ತಾ ಇದ್ದೇವೆ."

"ಮೆಟ್ರೋಗೋಸ್ಕರ ಕೆಡವಿಬಿಟ್ರು ಮಗಾ," ಅಂತ ಬರೆದೆ. ಇನ್ನು ಮೆಟ್ರೋ ಹುಡುಕ್ಲಿ.